ಭುಜಕ್ಕೆ ಹೇಳುವ ಮಾತು

ಬೀಗರಾಗಬೇಕಾಗಿದ್ದವರು ಬಂದು ಹೋದ ಮೇಲೆ ಶರಣವ್ವ ಎಷ್ಟೋ ಹೊತ್ತು ಕಾಫಿ ಲೋಟಗಳನ್ನು ಎತ್ತಿಡಲಿಲ್ಲ. ಒಂದನ್ನು ಬಿಟ್ಟು ಉಳಿದ ಲೋಟಗಳೆಲ್ಲ ಖಾಲಿಯಾಗಿದ್ದವು. ಆ ಒಂದರಲ್ಲಿ ಕಾಫಿ ಕೆನೆಗಟ್ಟಿ ತಣ್ಣಗೆ ಕೂತಿತ್ತು. ಅದು ಗಂಡಿನ ತಂದೆ ಚಿಕ್ಕಹನುಮಯ್ಯನ ಲೋಟ. ಹೆಣ್ಣಿನ ಮನೆಗೆ ಬಂದವನು ಲೋಟ ಮುಟ್ಟದೆ ಎದ್ದರೆ ಕೃಷ್ಣೆಯ ದಂಡೆಯಲ್ಲೂ ಯಲಹಂಕದ ಕೆರೆಯ ದಂಡೆಯಲ್ಲೂ ಅದಕ್ಕೆ ಅರ್ಥ ಒಂದೇ.

ಸಂಜೆಯ ಹೊತ್ತಿಗೆ ಆ ಅರ್ಥ ಮಾತಾಗಿಯೂ ಬಂತು. ಮಗಳು ಪ್ರತಿಭಾ ಮೊಬೈಲನ್ನು ಸ್ಪೀಕರಿಗೆ ಹಾಕಿ ಅಡುಗೆಕಟ್ಟೆಯ ಮೇಲಿಟ್ಟಳು. ಆ ಕಡೆಯಿಂದ ಜಗನ್ ತಡವರಿಸುತ್ತಿದ್ದ. ಸೋಲದೇವನಹಳ್ಳಿಯ ಕಾಲೇಜೊಂದರಲ್ಲಿ ಅವಳು ಗಣಿತ ಕಲಿಸುತ್ತಾಳೆ, ಅವನು ಗ್ರಂಥಾಲಯ ನೋಡಿಕೊಳ್ಳುತ್ತಾನೆ. ಪುಸ್ತಕ ಕೊಟ್ಟು ತಂದು ಬೆಳೆದ ಸ್ನೇಹ ಈಗ ಮದುವೆಯ ಮಾತಿಗೆ ಬಂದು ನಿಂತಿತ್ತು.

"ಅಪ್ಪ ಬೇಡ ಅಂತಿದ್ದಾರೆ ಕಣೇ. ನಿಮ್ಮಪ್ಪಂಗೆ ಈ ಸಂಬಂಧ ಇಷ್ಟ ಇಲ್ವಂತೆ."

"ಹಂಗಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಅಷ್ಟೊತ್ತು ಕೂತಿದ್ರೂ ಒಂದ್ಸಲಾನೂ ಅವರ ಮುಖ ನೋಡ್ಲಿಲ್ವಂತೆ. ಗೋಡೆ ನೋಡ್ಕೊಂಡೇ ಮಾತಾಡಿದ್ರಂತೆ. 'ನಾನೇನ್ ಗೋಡೆ ಹತ್ರ ಎಣ್ಣು ಕೇಳಕ್ಕೋಗಿದ್ನಾ' ಅಂತ ಬಂದಾಗಿಂದ ಒಂದೇ ಸಮ ರೇಗಾಡ್ತಿದ್ದಾರೆ."

ಶರಣವ್ವನಿಗೆ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮುಂಜಾನೆ ಅವಳ ಗಂಡ ಗುರುಪಾದಪ್ಪ ಕುರ್ಚಿಯ ತುದಿಯಲ್ಲಿ ಕೂತು, ಬಲು ವಿನಯದಿಂದ, ಬೀಗರ ಎಡಭುಜದಾಚೆಗಿನ ಗೋಡೆಗೆ ಕುಶಲ ಕೇಳಿದ್ದ. ಮಳೆಬೆಳೆ, ದನಕರು, ಮಗನ ನೌಕರಿ ಎಲ್ಲವನ್ನೂ ಗೋಡೆಯನ್ನೇ ವಿಚಾರಿಸಿದ್ದ.

ಗುರುಪಾದಪ್ಪ ಉತ್ತರದ ಕಲ್ಲುಸೀಮೆಯ ಚಿನ್ನದ ಗಣಿಯೊಂದರಲ್ಲಿ, ನೆಲದ ಎಷ್ಟೋ ಆಳದಲ್ಲಿ, ಬಂಡೆ ಕೊರೆಯುವ ಮಿಷಿನ್ ಹಿಡಿದು ಆಯುಸ್ಸಿನ ಬಹುಪಾಲು ಕಳೆದವನು. ನಿವೃತ್ತಿಯ ದಿನ ಗಣಿ ಅವನನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಎದೆಯಲ್ಲಿ ಒಂದಿಷ್ಟು ಕಲ್ಲಿನ ಹುಡಿಯನ್ನೂ ಕಿವಿಯಲ್ಲಿ ಒಂದಿಷ್ಟು ಗುಡುಗನ್ನೂ ಇಟ್ಟು ಕಳಿಸಿತು. ಆ ಎದೆಯ ಚಿಕಿತ್ಸೆಗೆಂದೂ ಮಗಳ ನೌಕರಿಗೆಂದೂ ಗಂಡಹೆಂಡಿರು ಯಲಹಂಕದ ಹಳೆಯ ಊರಿನ ಈ ಬಾಡಿಗೆ ಮನೆಗೆ ಬಂದಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ಅವನ ಉಸಿರು ಹಳೆಯ ಹಾರ್ಮೋನಿಯಮ್ಮಿನ ತಿದಿಯಂತೆ ಸದ್ದು ಮಾಡುತ್ತಿತ್ತು.

ಪ್ರತಿಭಾ ಫೋನಿಟ್ಟು ನೇರ ಅಪ್ಪನ ಮುಂದೆ ಬಂದು ನಿಂತಳು. ಅವನಿಗೆ ಕೇಳಿಸಲೆಂದು ದನಿ ಏರಿಸಿದಳೋ ಸಿಟ್ಟಿಗೆ ಏರಿತೋ ಶರಣವ್ವನಿಗೆ ತಿಳಿಯಲಿಲ್ಲ.

"ಅಪ್ಪಾ, ಒಂದ್ ಸಲ ಅವರ ಮಖಾ ನೋಡಿದ್ರ ಏನ್ ಗಂಟು ಹೋಗ್ತಿತ್ತು ನಿಂದು?"

"ಮಾತಾಡಸೀನಲ್ಲವ್ವ, ಚಲೋತ್ನಂಗ," ಎಂದ ಗುರುಪಾದಪ್ಪ, ಕಿಟಕಿಯ ಸರಳುಗಳಿಗೆ.

"ನೋಡು! ಈಗೂ ಕಿಟಕಿಗೇ ಹೇಳಾಕತ್ತಿ. ಅವರದು ಬಿಡು, ನನ್ನ ಮಖಾನಾದ್ರೂ ನೋಡೀಯೇನು ಯಾವತ್ತರೆ?"

"ನೋಡೇನಿ."

"ಯಾವಾಗ?"

ಅವನ ಬೆರಳು ಕಿಟಕಿಯ ಸರಳಿನ ತುಕ್ಕು ಕೆರೆಯಿತು. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲ ಸದ್ದು ಮಾತ್ರ ಗುರುಪಾದಪ್ಪನಿಗೆ ಸರಿಯಾಗಿ ಕೇಳಿಸಿತು.

ಶರಣವ್ವನಿಗೆ ಆ ಪ್ರಶ್ನೆ ಹೊಸದಾಗಿರಲಿಲ್ಲ. ತಾನು ಕೇಳದೆ ನುಂಗಿದ್ದನ್ನು ಮಗಳು ಬಾಯಿಬಿಟ್ಟು ಕೇಳಿದ್ದಳು. ಮದುವೆಯಾದ ಹೊಸತರಲ್ಲಿ ಈ ಮನುಷ್ಯ ತನ್ನ ಕಿವಿಯೋಲೆಯ ಜೊತೆಗೆ ಸಂಸಾರ ಮಾಡುತ್ತಾನೋ ಎಂದು ಅವಳು ಅಳುತ್ತಿದ್ದಳು. ತನ್ನ ಮೂಗು ಮೊಂಡು ಎಂಬ ಕಾರಣಕ್ಕೆ ನೋಡುವುದಿಲ್ಲವೆಂದು ತಾನೇ ತೀರ್ಮಾನಿಸಿ, ಒಂದು ವರ್ಷ ಮೂಗುತಿ ಬದಲಿಸುವುದರಲ್ಲೇ ಕಳೆದಿದ್ದಳು. ಆಮೇಲೆ ರೂಢಿಯಾಯಿತು. ಗಣಿಯ ಕಾಲೊನಿಯಲ್ಲಿ ಗಂಡಸರೆಲ್ಲ ಇದೇ ಜಾತಿ. ಚಹಾದಂಗಡಿಯ ಮುಂದೆ ಸಾಲಾಗಿ ನಿಂತು ಒಬ್ಬರ ಭುಜಕ್ಕೆ ಒಬ್ಬರು ಸುದ್ದಿ ಹೇಳುತ್ತಿದ್ದರು. ಎಲ್ಲರೂ ಓರೆಯಾದ ಊರಲ್ಲಿ ಓರೆ ಯಾರಿಗೂ ಕಾಣದು. ಯಲಹಂಕಕ್ಕೆ ಬಂದ ಮೇಲಷ್ಟೆ ಅದು ಎದ್ದು ಕಂಡಿತ್ತು.

"ಐತವಾರ ಸೋಲದೇವನಹಳ್ಳಿಗೆ ನಾವ ಹೋಗೂಣು," ಎಂದು ಶರಣವ್ವ ಅಪ್ಪಣೆ ಹೊರಡಿಸಿದಳು. "ಅಷ್ಟರಾಗ ಮಂದಿ ಮಖಾ ನೋಡಿ ಮಾತಾಡೂದು ಕಲೀರಿ."

"ಈ ವಯಸ್ಸಿಗೆ ಸಾಲೀಗೆ ಹಾಕ್ತಿ ನನ್ನ."

"ಮಗಳ ಲಗ್ನ ಬೇಕಂದ್ರ ಹೋಗಬೇಕು."

ಅವನಿಗೂ ಅದು ಬೇಕಿತ್ತು. ಮರುದಿನವೇ ಅಭ್ಯಾಸ ಶುರುವಾಯಿತು, ಅದರ ವರದಿಗಳೂ ಮನೆಗೆ ಬರತೊಡಗಿದವು. ಸೊಪ್ಪು ಮಾರುವ ಮುದುಕಿ, "ಯಾಕಮ್ಮಾ ನಿಮ್ಮೆಜಮಾನ್ರು ನನ್ನ ಅಂಗ್ ದುರುಗುಟ್ಕಂಡ್ ನೋಡ್ತಾರೆ, ಕೊತ್ಮೀರಿ ವಾಪಸ್ ತಗಳ್ಳಾ?" ಎಂದಳು. ಕ್ಷೌರದಂಗಡಿಯ ಖಾದರ್ ಬಾಷಾ ಕತ್ತರಿ ಕೆಳಗಿಟ್ಟು, "ಯಾಕಣ್ಣಾ ಗುರಾಯಿಸ್ತೀಯಾ? ಮೀಸೆ ಒಂದ್ ಕಡೆ ಜಾಸ್ತಿ ಹೊಡೆದ್ನಾ?" ಎಂದು ಗಾಬರಿಯಾದನಂತೆ. ಗುರುಪಾದಪ್ಪನಿಗೆ ನೋಟದಲ್ಲಿ ಎರಡೇ ಬಗೆ ಗೊತ್ತಿದ್ದವು: ಬಂಡೆಯನ್ನು ನೋಡುವುದು, ಮನುಷ್ಯನನ್ನು ನೋಡದಿರುವುದು. ಈಗ ಅವನು ಮನುಷ್ಯರನ್ನು ಬಂಡೆಯಂತೆ, ಎಲ್ಲಿ ಬಿರುಕಿದೆ, ಯಾವಾಗ ಮೈಮೇಲೆ ಬೀಳುತ್ತದೆ ಎಂಬಂತೆ ದಿಟ್ಟಿಸುತ್ತಿದ್ದ.

ಶುಕ್ರವಾರ ಮಧ್ಯಾಹ್ನ ಶರಣವ್ವ ಸ್ವತಃ ಪಾಠಕ್ಕೆ ಕೂತಳು. ಅವರೆಕಾಯಿಯ ಕಾಲ, ಚಾಪೆಯ ಮೇಲೆ ಸೊಗಡಿನ ಕಾಯಿಯ ರಾಶಿ ಸುರಿದು, ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

"ಕಾಯಿ ಸುಲೀರಿ. ಕೈ ಕಾಯಿ ಮ್ಯಾಲಿರಲಿ, ಕಣ್ಣು ನನ್ನ ಮ್ಯಾಲಿರಲಿ."

"ಹುಳ ಇದ್ರ?"

"ಇರಲಿ, ನಾ ನೋಡತೀನಿ. ನೀವು ನನ್ನ ನೋಡ್ರಿ."

ಅವನು ನೋಡಿದ. ಒಂದು ಕಾಯಿ ಸುಲಿಯುವಷ್ಟರಲ್ಲಿ ಅವನ ಕಣ್ಣು ತೇವಗೊಂಡವು, ಗದ್ದ ತಾನಾಗಿ ಗೋಡೆಯ ಕಡೆಗೆ ಹೊರಳಿತು. ಅವಳು ಎಡಗೈಯಿಂದ ಗದ್ದ ಹಿಡಿದು ವಾಪಸು ತಿರುಗಿಸಿದಳು. ಮತ್ತೆ ಹೊರಳಿತು. ಮತ್ತೆ ಹಿಡಿದಳು. ಮೂರನೆಯ ಸಲಕ್ಕೆ ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿದ.

"ಬಿಡ ಶರಣಿ. ಹೊಡೀತೈತಿ."

"ಏನು ಹೊಡೀತೈತಿ?"

"ಬೆಳಕು. ನಿನ್ನ ಕಣ್ಣಿಗೆ ಹೊಡೀತೈತಿ."

ಹಾಗೆಂದವನ ಬಲಗೈ ಹಣೆಗೆ ಹೋಯಿತು. ಅಲ್ಲಿ ಏನನ್ನೋ ಕೆಳಕ್ಕೆ ಬಾಗಿಸಲು ಬೆರಳು ತಡಕಾಡಿದವು. ಸಿಕ್ಕಿದ್ದು ಬರಿಯ ಚರ್ಮ, ಗಣಿಯ ಟೊಪ್ಪಿಗೆಯ ಪಟ್ಟಿ ವರ್ಷಗಟ್ಟಲೆ ಒತ್ತಿ ಬಿಟ್ಟುಹೋಗಿದ್ದ ಗೆರೆ. ಶರಣವ್ವ ಆ ಕೈಯನ್ನೇ ನೋಡಿದಳು. ಗುರುಪಾದಪ್ಪ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ಮುಗಿಯುವವರೆಗೆ ಶರಣವ್ವ ಅವನ ಬೆನ್ನು ನೀವಿದಳು.

"ಹಣಿ ಮ್ಯಾಲ ಲ್ಯಾಂಪಿಲ್ಲಲ್ಲ," ಎಂದ ಅವನು, ಕಳ್ಳತನ ಮಾಡಿ ಸಿಕ್ಕಿಬಿದ್ದವನಂತೆ. "ನನಗ ಗೊತ್ತ ಇರಲಿಲ್ಲ ನೋಡ. ಇದ್ದಂಗ ನಡಕೊಂಡು ಬಂದೇನಿ."

ಆ ಮಧ್ಯಾಹ್ನ ಅವರೆಕಾಯಿಯ ಜೊತೆ ಅವನೂ ಸುಲಿದುಕೊಂಡ. ಇಷ್ಟು ವರ್ಷ ಗಣಿಯ ಮಾತೆತ್ತಿದರೆ "ಅಲ್ಲೇನೈತಿ, ಕತ್ತಲ" ಎಂದು ಮುಗಿಸುತ್ತಿದ್ದವನು. ಮೊದಲ ದಿನ ಗಣಿಯ ಆಳಕ್ಕಿಳಿಸುವ ಕಬ್ಬಿಣದ ಕೇಜಿನಲ್ಲಿ ಇಳಿದಾಗ ಹೊಟ್ಟೆ ಬಾಯಿಗೆ ಬಂದಿತ್ತಂತೆ, ಕಿವಿ ಮುಚ್ಚಿಹೋಗಿದ್ದವಂತೆ. ಕೆಳಗೆ ಬಂಡೆ ಜ್ವರ ಬಂದ ಮೈಯಂತೆ ಬಿಸಿ. ಕೊರೆಯುವ ಮಿಷಿನ್ ಹಿಡಿದರೆ ಕೈಯಿಂದ ಹಲ್ಲಿನವರೆಗೆ ಮೈಯೆಲ್ಲ ನಡುಗಿ, ಮನೆಗೆ ಬಂದು ಚಹಾದ ಬಸಿ ಹಿಡಿದರೂ ಬೆರಳು ಆಡುತ್ತಿದ್ದವು. ಬೆವರು ಬೂಟಿಗಿಳಿದು ಪಚಪಚ ಎನ್ನುತ್ತಿತ್ತು. ಅವಳು ಬಡಿದು ಕಟ್ಟಿಕೊಟ್ಟ ರೊಟ್ಟಿಯ ಮೇಲೆ ಜೋಳದ ಹಿಟ್ಟಿಗಿಂತ ನುಣ್ಣನೆಯ ಕಲ್ಲಿನ ಹಿಟ್ಟು ಕೂರುತ್ತಿತ್ತು; ಊದಿ ತಿನ್ನುತ್ತಿದ್ದರು, ಊದಲು ಎಳೆದುಕೊಂಡ ಉಸಿರಿನಲ್ಲೂ ಅದೇ ಹಿಟ್ಟು. ಮದ್ದು ಸಿಡಿಸಿದ ಹೊಗೆ ಪೂರ್ತಿ ಆರುವ ಮುಂಚೆಯೇ ಮತ್ತೆ ಒಳಗೆ ಹೋಗಬೇಕು.

"ಮದಲನೇ ದಿನ ನಾ ಮೇಸ್ತ್ರಿ ಮಖಾ ನೋಡಿ ಏನೋ ಕೇಳಿದೆ. ಫಟ್ ಅಂತ ಕಪಾಳಕ್ಕ ಬಿಟ್ಟ. 'ಲ್ಯಾಂಪ್ ಮಖಕ್ಕ ಹೊಡೀತಿಯೇನಲೇ? ಕಣ್ಣು ಕುಕ್ಕಿ ಒಂದ್ ಗಳಿಗಿ ನನಗ ಏನೂ ಕಾಣಾಂಗಿಲ್ಲ. ಆ ಗಳಿಗ್ಯಾಗ ಕಾಲು ತೆಗ್ಗಿಗೆ ಹೋದ್ರ ನನ್ನ ಹೇಂತಿ ಮಕ್ಕಳಿಗೆ ನಿಮ್ಮಪ್ಪ ರೊಟ್ಟಿ ಹಾಕ್ತಾನೇನು? ಭುಜಾ ನೋಡಿ ಮಾತಾಡು!' ಅಂದ. ಅವತ್ತಿಂದ ಭುಜಾ. ಭುಜಾ ನೋಡಿದ್ರ ಸಾಕು, ಇವ ಯಾರು, ದಣದಾನೋ, ಅಂಜ್ಯಾನೋ, ಮನ್ಯಾಗ ಜಗಳ ಮಾಡಿ ಬಂದಾನೋ, ಎಲ್ಲಾ ತಿಳೀತಿತ್ತು."

"ಮಖಾ?"

ಅವನು ಖಾಲಿ ಸಿಪ್ಪೆಯೊಂದನ್ನು ಬೆರಳಲ್ಲಿ ಮಡಚುತ್ತ ಕೂತ.

"ಶಿವಪುತ್ರ ಅಂತ ಒಬ್ಬಾವ ಇದ್ದ, ನನ್ನ ಜೋಡಿ ಮಿಷಿನ್ ಹಿಡೀತಿದ್ದ. ಬ್ಯಾರೆ ಊರಾಂವ. ಮ್ಯಾಲ ಬಂದಾಗ ಎಲ್ಲಾರ ಮಖಾನೂ ಬೂದಿ ಬಡಕೊಂಡಂಗ ಇರತಿತ್ತು, ಅವ ಮಖಾ ತೊಳೀದ ಹಂಗ ಊರಿನ ಲಾರಿ ಹತ್ತತಿದ್ದ. ಮ್ಯಾಲಿನ ಕಲ್ಲು ಬಿತ್ತು ಅವನ ಮ್ಯಾಲ. ದವಾಖಾನ್ಯಾಗ ಮಖಾ ತೊಳದು ಮಲಗಿಸಿದ್ರು. ನಾ ಹೋಗಿ ನೋಡಿ, 'ಇವ ಅಲ್ಲರಿ, ಶಿವಪುತ್ರ ಎಲ್ಲಿ' ಅಂತ ಕೇಳಿದೆ." ಸಿಪ್ಪೆ ಮುರಿಯಿತು. "ಆಮ್ಯಾಲ ಹೊಚ್ಚಿದ ಬಟ್ಟಿ ಸರಿಸಿದ್ರು. ಭುಜಾ ಕಾಣ್ತು."

ಶರಣವ್ವ ಮುರಿದ ಸಿಪ್ಪೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಮೊಂಡುಮೂಗಿನ ಆ ಹುಡುಗಿ, ಮೂಗುತಿ ಬದಲಿಸಿ ಬದಲಿಸಿ ಅತ್ತವಳು, ಅವಳೊಳಗೆ ಎಲ್ಲೋ ಕಣ್ಣೊರೆಸಿಕೊಂಡು ಎದ್ದು ಕೂತಳು. ಇವನು ತನ್ನ ಕಡೆ ನೋಡದೆ ಕಳೆದ ಅಷ್ಟೂ ದಿನ ತನ್ನ ಕಣ್ಣನ್ನು ಕಾಯುತ್ತಿದ್ದನೆಂದರೆ ಆ ಕಾವಲಿಗೆ ಏನೆಂದು ಹೆಸರಿಡುವುದು?

ರಾತ್ರಿಯ ಊಟಕ್ಕೆ ಮುಂಚೆ ಇದನ್ನೆಲ್ಲ ಮಗಳಿಗೆ ಹೇಳಿದಳು. ಪ್ರತಿಭಾ ಉತ್ತರಪತ್ರಿಕೆಗಳನ್ನು ಮಡಚಿಟ್ಟು ಪೂರ್ತಿ ಕೇಳಿದಳು. ಶಿವಪುತ್ರನ ಮಾತಿಗೆ ಅವಳ ಕಣ್ಣೂ ತುಂಬಿದವು. ಆದರೂ ಅವಳು ಗಣಿತದವಳು; ಲೆಕ್ಕ ಸರಿಹೋಗದೆ ಬಿಡುವವಳಲ್ಲ.

"ಜಗನ್ ಮನ್ಯಾವರಿಗೆ ಹೇಳು ಅವ್ವ, ತಿಳ್ಕೋತಾರ. ನನಗೂ ತಿಳೀತು. ಆದ್ರ ನಮ್ಮಪ್ಪ ನನ್ನ ಮಖಾ ನೋಡಿಲ್ಲ ಅನ್ನೂದು ಅದರಿಂದ ಸುಳ್ಳಾಗತೈತೇನು?"

ಭಾನುವಾರ ಎರಡು ಬಸ್ಸು ಬದಲಿಸಿ ಮೂವರೂ ಸೋಲದೇವನಹಳ್ಳಿಯಲ್ಲಿ ಇಳಿದರು. ಬಸ್ಸಿನಲ್ಲಿ ಪ್ರತಿಭಾ ಅಪ್ಪನಿಂದ ಎರಡು ಸೀಟು ಹಿಂದೆಯೇ ಕೂತಿದ್ದಳು. ಚಿಕ್ಕಹನುಮಯ್ಯನದು ಆ ಊರಿನ ಹಳೆಯ ಮನೆತನ. ಒಂದು ಕಾಲದ ದ್ರಾಕ್ಷಿ ತೋಟದ ಜಾಗದಲ್ಲಿ ಈಗ ಕಾಲೇಜು ಹುಡುಗರಿಗೆ ಬಾಡಿಗೆ ಕೊಟ್ಟ ಕೋಣೆಗಳ ಸಾಲು. ಅವುಗಳ ನಡುವೆ ಹಟ ಹಿಡಿದು ಉಳಿಸಿಕೊಂಡ ಕೊಟ್ಟಿಗೆ, ನಾಲ್ಕು ಹಸು. ಅವನು ಜಗಲಿಯಲ್ಲಿ ಕುರ್ಚಿ ಹಾಕಿಸಿ, ತಾನು ಎದುರಿಗೆ ನೆಟ್ಟಗೆ ಕೂತ. ಮರ್ಯಾದೆಗೆ ಕೊರತೆಯಿರಲಿಲ್ಲ, ನಗುವಿಗಿತ್ತು. ಅವನ ಹೆಂಡತಿ ಮುನಿಕೃಷ್ಣಮ್ಮ ಬಾಗಿಲ ಬಳಿ ನಿಂತಳು. ಜಗನ್ ಅವಳ ಹಿಂದೆ.

ಗುರುಪಾದಪ್ಪ ಉಸಿರು ಕಟ್ಟಿ, ಕಣ್ಣರಳಿಸಿ, ಬೀಗರ ಮುಖವನ್ನು ನೋಡಿದ. ಪಾಠ ಚೆನ್ನಾಗಿ ಒಪ್ಪಿಸಬೇಕೆಂಬ ಆತುರದಲ್ಲಿ ರೆಪ್ಪೆ ಬಡಿಯುವುದನ್ನೇ ಮರೆತ. ಹಣೆಯ ನರ ಉಬ್ಬಿತು.

ಚಿಕ್ಕಹನುಮಯ್ಯ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ. "ಅಲ್ಲ ಸ್ವಾಮಿ, ಓದ್ ಸಲ ಗೋಡೆ ನೋಡುದ್ರಿ, ಸರಿ. ಈ ಸಲ ಒಡೆಯೋ ಅಂಗ್ ನೋಡ್ತಿದ್ದೀರಲ್ಲ, ಏನ್ ಸಮಾಚಾರ?"

ಜಗನ್ ಹಣೆ ಚಚ್ಚಿಕೊಂಡ. ಆಗ ಶರಣವ್ವ ಸೆರಗು ಸರಿಮಾಡಿಕೊಂಡು ಬಾಯಿಬಿಟ್ಟಳು. ಗಂಡಸರ ನಡುವೆ ಹೀಗೆ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. "ತಪ್ಪು ತಿಳ್ಕೋಬ್ಯಾಡ್ರಿ ಅಣ್ಣಾವ್ರ," ಎಂದು ಶುರು ಮಾಡಿದವಳು, ಕೇಜು, ಬಿಸಿಬಂಡೆ, ರೊಟ್ಟಿಯ ಮೇಲಿನ ಹಿಟ್ಟು, ಹಣೆಯ ಲ್ಯಾಂಪು, ಮೇಸ್ತ್ರಿಯ ಕಪಾಳಮೋಕ್ಷ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಶಿವಪುತ್ರನ ವಿಷಯವೊಂದನ್ನು ಮಾತ್ರ ಹೇಳಲಿಲ್ಲ. ಅದು ಗಂಡ ತನಗೆ ಕೊಟ್ಟದ್ದು. "ಮಖಾ ನೋಡಿದ್ರ ಎದುರಿನವರ ಕಣ್ಣಿಗೆ ಬೆಳಕು ಹೊಡೀತೈತಿ ಅಂತ ಹೊಳ್ಳತಾರ್ರಿ. ಅದು ಇವರ ಮರ್ಯಾದಿ. ನಿಮ್ಮನ್ನ ಮದಲ ಸಲ ನೋಡಿದಾಗ ಭಾಳ ಮರ್ಯಾದಿ ಕೊಟ್ಟಾರ್ರಿ, ಅದಕ್ಕ ಗ್ವಾಡಿ ಬಿಟ್ಟು ಬ್ಯಾರೆ ಏನೂ ನೋಡಿಲ್ಲ."

ಕೊಟ್ಟಿಗೆಯಲ್ಲಿ ಹಸುವೊಂದು ಬಾಲ ಬೀಸಿತು. ಚಿಕ್ಕಹನುಮಯ್ಯ ಎದ್ದು, ತನ್ನ ಕುರ್ಚಿಯ ಬೆನ್ನು ಹಿಡಿದು ಎಳೆಯತೊಡಗಿದ. ಎದ್ದು ಹೋಗಿಯೇಬಿಟ್ಟನೆಂದು ಶರಣವ್ವ ತಿಳಿದಳು. ಅವನು ಕುರ್ಚಿಯನ್ನು ತಂದು ಗುರುಪಾದಪ್ಪನ ಪಕ್ಕಕ್ಕೆ, ಭುಜಕ್ಕೆ ಭುಜ ತಾಗುವಂತೆ ಹಾಕಿ ಕೂತ. ಈಗ ಇಬ್ಬರ ಮುಖವೂ ಕೊಟ್ಟಿಗೆಯ ಕಡೆಗಿತ್ತು.

"ಎದುರುಗ್ ಕೂತ್ರೆ ತಾನೇ ತೊಂದ್ರೆ? ನೇಗ್ಲು ಇಡಿದೋನು ಎತ್ತಿನ ಬೆನ್ ನೋಡ್ಕಂಡೇ ಪಕ್ಕದೋನ್ ಜೊತೆ ಮಾತಾಡೋದು. ಇದನ್ನ ಅವತ್ತೇ ಯೋಳಬಾರ್ದಾ?" ಮತ್ತೆ ದನಿ ಏರಿಸಿ, "ಯಾವ್ ಕಿವಿ ಕೇಳುಸ್ತದೆ ನಿಮ್ಗೆ?"

"ಇದು," ಎಂದು ಗುರುಪಾದಪ್ಪ ಕೊಟ್ಟಿಗೆಗೆ ಹೇಳಿದ, ಚಿಕ್ಕಹನುಮಯ್ಯನ ಕಡೆಗಿದ್ದ ಕಿವಿಯನ್ನೇ ಮುಟ್ಟಿ.

"ಕೆಳಗಡೆ ಗಾಳಿ ಬತ್ತದಾ?"

"ಬರತೈತ್ರಿ. ಕೊಳವಿ ಇಟ್ಟು ಊದತಾರ. ಎಷ್ಟು ಊದಿದ್ರೂ ಅದು ನಮ್ಮೂರ ಗಾಳಿ ಆಗೂದಿಲ್ಲ."

"ಅಲ್ಲಿ ತೆಗ್ದ ಚಿನ್ನ ನೋಡಿದ್ದೀರಾ?"

"ಇಲ್ರಿ. ಕಲ್ಲಷ್ಟ ನೋಡೇನಿ."

"ಅಯ್ಯೋ ನಿಮ್ಮ! ನಾನು ದ್ರಾಕ್ಷಿ ಬೆಳ್ದು ಒಂದ್ ಗೊನೆ ಬಾಯಿಗಾಕ್ದೇ ಮಾರ್ದೋನು, ನೀವು ನನಗಿಂತ ಮೇಲು."

ಇಬ್ಬರೂ ನಕ್ಕರು. ಭುಜಗಳು ಒಂದಕ್ಕೊಂದು ಒರಸಿದವು. ಗುರುಪಾದಪ್ಪನ ಗದ್ದ ಸಡಿಲವಾದುದನ್ನು ಶರಣವ್ವ ಕಂಡಳು. ಹಸುಗಳ ಹೆಸರು, ಅವುಗಳ ಗುಣ, ಮಾಕಳಿಯ ಕಡೆಯಿಂದ ತಂದ ಕರಿಹಸುವಿನ ತುಂಟತನ ಎಲ್ಲ ಆದ ಮೇಲೆ ಚಿಕ್ಕಹನುಮಯ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಒಂದ್ ಮಾತು ನೇರವಾಗ್ ಕೇಳ್ತೀನಿ. ಮಗಳನ್ನ ಮನಸಾರೆ ಕೊಡ್ತಿದ್ದೀರಾ?"

"ಮನಸಾರೆ."

"ಆ ಮಗಳ ಮಕಾನಾದ್ರೂ ನೋಡಿದ್ದೀರೋ, ಅದೂ ಗೋಡೇನೇಯೋ?"

ಅವನು ತಮಾಷೆಗೆ ಅಂದದ್ದು. ಆದರೆ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ ಪ್ರತಿಭಾ ತಲೆ ತಗ್ಗಿಸಿದಳು.

"ನೋಡೇನ್ರಿ," ಎಂದ ಗುರುಪಾದಪ್ಪ. "ರಾತ್ರಿ ಪಾಳಿ ಮುಗಿಸಿ ನಸುಕಿನ್ಯಾಗ ಮನೀಗೆ ಬರತಿದ್ದೆ. ತಾಯಿ ಮಗಳು ಇನ್ನೂ ಮಲಗಿರತಿದ್ರು. ಲ್ಯಾಂಪ್ ಗಣ್ಯಾಗ ಕೊಟ್ಟ ಬಂದಿರತಿದ್ದೆ, ಖರೇ, ಆದ್ರೂ ಎಚ್ಚರ ಇದ್ದಾಗ ನೋಡಾಕ ಆಗತಿರಲಿಲ್ಲ. ಮಲಗಿದಾಗ ಕಣ್ಣು ಮುಚ್ಚಿರತಾವಲ್ಲ, ಹೊಡ್ಯಾಂಗಿಲ್ಲ. ಕುಂತು ನೋಡತಿದ್ದೆ, ಬಿಸಿಲು ಬರೂತನ. ಎಡಗಣ್ಣಿನ ರೆಪ್ಪಿ ಮ್ಯಾಲ ಒಂದು ಮಚ್ಚಿ ಐತ್ರಿ ಆಕೀಗೆ, ಸಾಸಿವಿಕಾಳಿನಷ್ಟು. ಕಣ್ಣು ತಗದಾಗ ಒಳಗ ಹೋಗತೈತಿ, ಮಂದೀಗೆ ಕಾಣಾಂಗಿಲ್ಲ. ಆಕೀಗೂ ಗೊತ್ತೈತೋ ಇಲ್ಲೋ."

ಎಣ್ಣೆ ಹಚ್ಚಿ ಎರೆದ ತಾಯಿಗೆ ಆ ಮಚ್ಚೆ ಗೊತ್ತಿತ್ತು. ಅವನಿಗೆ ಗೊತ್ತಿರುವುದು ಗೊತ್ತಿರಲಿಲ್ಲ. ಆ ನಸುಕುಗಳಲ್ಲಿ ತಾನೂ ಅಲ್ಲೇ ಮಲಗಿದ್ದೆನಲ್ಲ ಎಂದು ಹೊಳೆದು ಶರಣವ್ವನ ಮುಖ ಈ ವಯಸ್ಸಿನಲ್ಲೂ ಕೆಂಪಾಯಿತು.

"ಎಲ್ಲಿ, ಬಾರವ್ವ ಇಲ್ಲಿ. ಕಣ್ ಮುಚ್ಚು ನೋಡಾನ," ಎಂದು ಮುನಿಕೃಷ್ಣಮ್ಮ ಪ್ರತಿಭಾಳನ್ನು ಕೈಹಿಡಿದು ಬೆಳಕಿಗೆ ತಂದಳು. ಪ್ರತಿಭಾ ಕಣ್ಣು ಮುಚ್ಚಿದಳು. ಎಡರೆಪ್ಪೆಯ ಮೇಲೆ ಸಣ್ಣ ಕರಿಚುಕ್ಕೆ ಮೂಡಿತು.

"ಐತೆ ಕಣ್ರೀ! ಸಾಸ್ವೆಕಾಳೇ!"

"ನಾನು ನೋಡೇ ಇಲ್ಲ," ಎಂದು ಜಗನ್ ಬೆರಗಾದ.

"ನೋಡ್ದೇ ಇದ್ದುದ್ಕೇ ಮದ್ವೆ ಮಾಡ್ತಿರಾದು. ಮುಚ್ಕಂಡ್ ಒಳೀಕ್ಕೋಗು," ಎಂದ ಚಿಕ್ಕಹನುಮಯ್ಯ. ಮತ್ತೆ ಹೆಂಡತಿಯತ್ತ ತಿರುಗಿ, "ಏನ್ ನೋಡ್ತಾ ನಿಂತೆ? ಎಲೆ ಅಡ್ಕೆ ತಟ್ಟೆ ತತ್ತಾ. ಬೀಗ್ರು ಬಂದು ಎಷ್ಟೊತ್ತಾಯ್ತು," ಎಂದ.

ಬೀಗರು ಎಂಬ ಮಾತು ಶರಣವ್ವನ ಕಿವಿಗೆ ಬಿತ್ತು. ಅವಳು ಅದನ್ನು ಸವಿಯುವುದರೊಳಗೆ ಇನ್ನೊಂದನ್ನು ಕಂಡಳು. ಪ್ರತಿಭಾ ಕಣ್ಣು ತೆರೆದಿರಲಿಲ್ಲ. ಮುಚ್ಚಿದ ರೆಪ್ಪೆಯ ಅಂಚಿನಲ್ಲಿ ನೀರು ಕೂಡಿಕೊಂಡಿದ್ದರೂ ಹಾಗೆಯೇ ನಿಂತಿದ್ದಳು. ಗುರುಪಾದಪ್ಪ ಕುರ್ಚಿಯಲ್ಲಿ ಪೂರ್ತಿ ತಿರುಗಿ ಅವಳನ್ನು ನೋಡುತ್ತಿದ್ದ. ದುರುಗುಟ್ಟದೆ, ಒದ್ದಾಡದೆ, ಬಿಸಿಲು ಬರುವುದನ್ನು ಕಾಯುವವನಂತೆ. ಚಿಕ್ಕಹನುಮಯ್ಯ ಕರಿಹಸುವಿನಲ್ಲಿ ಏನೋ ಹೊಸದನ್ನು ಕಂಡವನ ಹಾಗೆ ಕೊಟ್ಟಿಗೆಯತ್ತ ಕತ್ತು ಚಾಚಿದ.

"ಅಪ್ಪಾ," ಎಂದಳು ಪ್ರತಿಭಾ ಮೆಲ್ಲಗೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, "ಅಪ್ಪಾ, ಕಣ್ಣು ತಗೀಲೇನು?"

ಗುರುಪಾದಪ್ಪನ ಗದ್ದ ಗೋಡೆಯ ಕಡೆಗೆ ಹೊರಳತೊಡಗಿತು. ಅರ್ಧದಲ್ಲಿ ನಿಂತಿತು. ಶರಣವ್ವ ಕೈ ಚಾಚಲಿಲ್ಲ. ಅದು ತಾನಾಗಿಯೇ, ಬಲು ಭಾರದಿಂದ, ವಾಪಸು ಬಂತು.

"ತಗಿ," ಎಂದ.